ನಕಲು ಎದ್ದರೆ ನಾನು ಎದ್ದಂತೆಯೇ?

‘ಮಿದುಳನ್ನು ಕಂಪ್ಯೂಟರಿನಲ್ಲಿ ನಕಲು ಮಾಡಿ ಬ್ಯಾಕಪ್ ಇಟ್ಟರೆ, ಸತ್ತ ಮೇಲೆ ಎದ್ದು ಬರುವುದು ನಾನೇನಾ?’ ಅಂತ ಕೇಳಿದ್ದೀರಿ. ಅಲ್ಲ ಅಂತಲೇ ನನಗನ್ನಿಸುತ್ತೆ.

ಬಾಳೆಹೊನ್ನೂರು ಹತ್ತಿರದ ನಮ್ಮ ತೋಟದಲ್ಲಿ ಅಪ್ಪ ಒಂದು ರೋಬಸ್ಟಾ ಕಾಫಿ ಗಿಡದ ಕಟಿಂಗ್ ತೆಗೆದು, ಬೇರು ಬರಿಸಿ ನೆಟ್ಟಿದ್ದರು. ಎಲೆ, ಹಣ್ಣು ಎಲ್ಲ ತಾಯಿಗಿಡದ್ದೇ ಗುಣ. ಹೋದ ಮಳೆಗಾಲದಲ್ಲಿ ತಾಯಿಗಿಡದ ಮೇಲೆ ಸಿಲ್ವರ್ ಮರ ಬಿತ್ತು. ಈ ಸಲ ಹೂಮಳೆಗೆ ಮರಿಗಿಡ ಮೈತುಂಬಾ ಬಿರಿಯಿತು, ಆದರೆ ತಾಯಿಗಿಡ ಇದ್ದಲ್ಲಿ ಬರೀ ಬೊಡ್ಡೆ.

ನೀವು ಬದುಕಿರುವಾಗಲೇ ನಕಲನ್ನು ಎಬ್ಬಿಸಿದರೆ? ಅದಕ್ಕೆ ನೋವಾದರೆ ನಿಮಗೆ ಗೊತ್ತೇ ಆಗಲ್ಲ. ನೀವು ಸತ್ತ ಮಾತ್ರಕ್ಕೆ ಅದು ನೀವಾಗೋದು ಹೇಗೆ?

ಅಂದಹಾಗೆ, 302 ನರಕೋಶಗಳ ಪುಟ್ಟ ಹುಳುವಿನ ನರಮಂಡಲದ ನಕ್ಷೆ 1986ರಲ್ಲೇ ಪ್ರಕಟವಾಯಿತು. ಅದನ್ನೇ ಇನ್ನೂ ಕಂಪ್ಯೂಟರಿನಲ್ಲಿ ಪೂರ್ತಿ ಬದುಕಿಸಲಾಗಿಲ್ಲ. ನಮ್ಮ ಮಿದುಳಲ್ಲಿರೋದು ಸುಮಾರು 8,600 ಕೋಟಿ. ಆದರೂ ನಿಮ್ಮ ಮಕ್ಕಳಿಗೆ ಆ ನಕಲಿನ ದನಿಯೂ ಬೇಕೆನಿಸಬಹುದು. ಅದನ್ನು ನಾನು ತಪ್ಪೆನ್ನಲಾರೆ.