ಬರಹಗಾರರಿಗೆ ಸಲಹೆ: ಕ್ಷಮಿಸುವ ಹಕ್ಕು ಯಾರದು?

ಪ್ರಿಯರೇ, ನಮಸ್ಕಾರ.

ಆದಿ ಕ್ರೈಸ್ತರಿಂದ ದಕ್ಷಿಣ ಆಫ್ರಿಕದವರೆಗೆ ಕ್ಷಮೆ, ಸಂಧಾನಗಳ ಬಗ್ಗೆ ನೀವು ಬರೆದ ‘ಕ್ಷಮೆಯ ಬೆಳಕು’ ಲೇಖನವನ್ನು ಈಗಿನ ರೂಪದಲ್ಲಿ ಪ್ರಕಟಿಸಲಾರೆವು. ಭಾಷೆ ಚೆನ್ನಾಗಿದೆ, ಬೇಕಾದ್ದಕ್ಕಿಂತ ತುಸು ಹೆಚ್ಚೇ ಚೆನ್ನಾಗಿದೆ. ಇಡೀ ಬರಹದಲ್ಲಿ ಒಬ್ಬರಿಗಾದರೂ ಸಿಟ್ಟು ಬರುವುದಿಲ್ಲ. ಸಿಟ್ಟಿಲ್ಲದ ಕಡೆ ಸಂಧಾನಕ್ಕೇನು ಕೆಲಸ?

ವರ್ಣಭೇದ ನೀತಿಯ ಕಾಲದ ದೌರ್ಜನ್ಯಗಳನ್ನು ವಿಚಾರಿಸಿದ ದಕ್ಷಿಣ ಆಫ್ರಿಕದ ಸತ್ಯ ಮತ್ತು ಸಂಧಾನ ಆಯೋಗ ‘ಆದಿ ಕ್ರೈಸ್ತರ ಕ್ಷಮೆಯನ್ನೇ ಕಾನೂನಾಗಿಸಿತು’ ಎಂದಿದ್ದೀರಿ. ಅಧ್ಯಕ್ಷರು ಆರ್ಚ್‌ಬಿಷಪ್ ಡೆಸ್ಮಂಡ್ ಟುಟು, ನಿಜ. ಆದರೆ 1995ರ ಕಾಯ್ದೆ ಓದಿ ನೋಡಿ. ಕ್ಷಮಾದಾನ ಬೇಕಾದರೆ ಕೃತ್ಯಕ್ಕೆ ರಾಜಕೀಯ ಉದ್ದೇಶವಿರಬೇಕು, ನಡೆದದ್ದನ್ನು ಮುಚ್ಚಿಡದೆ ಹೇಳಬೇಕು; ಪಶ್ಚಾತ್ತಾಪದ ಷರತ್ತೇ ಇಲ್ಲ. 1997ರಲ್ಲಿ ಜೆಫ್ರಿ ಬೆನ್ಜಿನ್ ಎಂಬ ಪೊಲೀಸ್ ಅಧಿಕಾರಿ, ತಾನು ಹಿಂಸಿಸಿದವರ ಎದುರಿಗೇ ಒಬ್ಬನನ್ನು ಬೋರಲು ಮಲಗಿಸಿ, ಬೆನ್ನ ಮೇಲೆ ಕೂತು, ಒದ್ದೆ ಚೀಲವನ್ನು ತಲೆಗೆ ಹೇಗೆ ಬಿಗಿಯುತ್ತಿದ್ದೆನೆಂದು ಮಾಡಿ ತೋರಿಸಿದ. ಅವನಿಗೆ ಕ್ಷಮಾದಾನ ಸಿಕ್ಕಿತು. ಕ್ಷಮಾದಾನದ ಕಾಯ್ದೆಯನ್ನೇ ಪ್ರಶ್ನಿಸಿ ಪೊಲೀಸ್ ವಶದಲ್ಲಿ ಸತ್ತ ಹೋರಾಟಗಾರ ಸ್ಟೀವ್ ಬಿಕೊನ ಕುಟುಂಬ 1996ರಲ್ಲಿ ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿ ಸೋತಿತು. ಇದೊಂದೂ ನಿಮ್ಮಲ್ಲಿಲ್ಲ.

ಆದಿ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ವಿಷಯಕ್ಕೆ ಬಂದರೆ, ಸಂತ ಪೌಲನ ಎರಡು ವಾಕ್ಯ ಕೊಟ್ಟು ಕೈತೊಳೆದುಕೊಂಡಿದ್ದೀರಿ. ಉತ್ತರ ಆಫ್ರಿಕದ ಕಾರ್ತೇಜ್ ನಗರದ ಕಥೆ ಎಲ್ಲಿ? ಕ್ರಿ.ಶ. 250ರಲ್ಲಿ ರೋಮನ್ ಚಕ್ರವರ್ತಿ ಡೇಸಿಯಸ್‌ನ ಆಜ್ಞೆಯಂತೆ ಜನ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕಿತ್ತು. ಅಂಥ ಪತ್ರಗಳು ಈಜಿಪ್ಟಿನಲ್ಲಿ ಪಪೈರಸ್ ಹಾಳೆಗಳಾಗಿ ಸಿಕ್ಕಿವೆ. ಕೆಲವು ಕ್ರೈಸ್ತರು ಬಲಿ ಕೊಟ್ಟರು, ಕೆಲವರು ಲಂಚ ಕೊಟ್ಟು ಬರೀ ಪತ್ರ ಪಡೆದರು. ಆಮೇಲೆ ಎಲ್ಲರಿಗೂ ಸಭೆಗೆ ಮರಳುವ ಆಸೆ. ನಂಬಿಕೆ ಬಿಡದೆ ಸೆರೆಮನೆ ಕಂಡವರೇ ಇವರಿಗೆ ಧಾರಾಳವಾಗಿ ಶಿಫಾರಸು ಪತ್ರ ಬರೆದುಕೊಟ್ಟರು. ಕಾರ್ತೇಜಿನ ಬಿಷಪ್ ಸಿಪ್ರಿಯನ್ ತಡೆದ. (ಹಿಂಸೆಯ ಕಾಲದಲ್ಲಿ ಅವನು ತಲೆಮರೆಸಿಕೊಂಡಿದ್ದ, ಅದನ್ನು ಜನ ಆಡಿಕೊಳ್ಳದೆ ಬಿಟ್ಟಾರೆಯೇ?) 251ರಲ್ಲಿ ಬಿಷಪ್‌ಗಳು ಸೇರಿ, ಪತ್ರ ಕೊಂಡವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳಬೇಕು, ಬಲಿ ಕೊಟ್ಟವರು ದೀರ್ಘಕಾಲ ಪ್ರಾಯಶ್ಚಿತ್ತ ಮಾಡಬೇಕು ಎಂದು ತೀರ್ಮಾನಿಸಿದರು. ರೋಮಿನ ಪಾದ್ರಿ ನೊವೇಶಿಯನ್ ಇಷ್ಟು ಮೆತ್ತಗಾಗುವುದನ್ನೂ ಸಹಿಸಲಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾರ್ತೇಜಿನಲ್ಲಿ ನೊಂದವರು ‘ಸೇರಿಸಿಕೊಳ್ಳಿ’ ಎಂದರು, ಬಿಷಪ್ ‘ತಾಳಿ’ ಎಂದ. ದಕ್ಷಿಣ ಆಫ್ರಿಕದಲ್ಲಿ ಬಿಕೊ ಮನೆಯವರು ‘ಬೇಡ’ ಎಂದರು, ಕಾನೂನು ಕೇಳಲಿಲ್ಲ. ಎರಡೂ ಕಡೆ ಕೊನೆಯ ಮಾತು ನೊಂದವರದಾಗಿರಲಿಲ್ಲ. ಅದು ಸರಿಯೇ? ನನಗೆ ಆಯೋಗದ ಕಷ್ಟ ಅರ್ಥವಾಗುತ್ತದೆ, ಪಶ್ಚಾತ್ತಾಪ ಕಡ್ಡಾಯವೆಂದರೆ ಎಲ್ಲರೂ ಕಣ್ಣೀರು ಹಾಕಲು ಕಲಿಯುತ್ತಾರೆ. ನೀವು ಒಪ್ಪಬೇಕಿಲ್ಲ, ವಾದಿಸಿ.

ರುವಾಂಡಾ, ಉತ್ತರ ಐರ್ಲೆಂಡ್‌ಗಳಿಗೆ ಒಂದೊಂದೇ ಪ್ಯಾರಾ ಕೊಟ್ಟಿದ್ದೀರಿ, ಎರಡನ್ನೂ ತೆಗೆಯಿರಿ. ಶೀರ್ಷಿಕೆಯನ್ನೂ ಬದಲಿಸಿ, ಮತ್ತೆ ಕಳುಹಿಸಿ.

ಸಂಪಾದಕ