ಒಂದೇ ವಿಸ್ತೀರ್ಣದ ಎರಡು ಬಾಡಿಗೆ ಕಟ್ಟಡಗಳ ನಿರ್ಮಾಣ ವೆಚ್ಚ ಯಾಕೆ ಬೇರೆಯಾಗುತ್ತದೆ?

ವ್ಯತ್ಯಾಸದ ದೊಡ್ಡ ಪಾಲು ನಕ್ಷೆಯಲ್ಲೇ ಹುಟ್ಟುತ್ತದೆ. 10×10 ಮೀಟರಿನ ಚೌಕ, 5×20 ಮೀಟರಿನ ಉದ್ದನೆಯ ಕಟ್ಟಡ ಎರಡೂ 100 ಚದರ ಮೀಟರೇ. ಆದರೆ ಹೊರಗೋಡೆ ಮೊದಲನೆಯದಕ್ಕೆ 40 ಮೀಟರ್, ಎರಡನೆಯದಕ್ಕೆ 50. ಗೋಡೆ, ಗಾರೆ, ಬಣ್ಣ, ಗೋಡೆಯಡಿಯ ಪಾಯ ಎಲ್ಲವೂ ಕಾಲುಭಾಗ ಹೆಚ್ಚು. ಬಚ್ಚಲು, ಅಡುಗೆಮನೆಗಳು ಮಹಡಿಯಿಂದ ಮಹಡಿಗೆ ಒಂದರ ಮೇಲೊಂದು ಕೂತರೆ ಪೈಪು ನೆಟ್ಟಗೆ ಇಳಿಯುತ್ತದೆ. ಇಲ್ಲದಿದ್ದರೆ ಅಡ್ಡ ಪೈಪು, ಅದಕ್ಕೊಂದು ಇಳಿಜಾರು, ಮುಂದೆ ಕಟ್ಟಿಕೊಳ್ಳುವ, ಸೋರುವ ಕಾಟ.

ಹೂಡಿಕೆದಾರರು ಹೆಚ್ಚಾಗಿ ಎಡವುವುದು ಇನ್ನೊಂದು ಕಡೆ: ನಿರ್ಮಾಣ ದರವನ್ನು ಒಟ್ಟು ವಿಸ್ತೀರ್ಣದ ಲೆಕ್ಕದಲ್ಲಿ ಹೋಲಿಸುತ್ತಾರೆ. ಮೆಟ್ಟಿಲು, ಓಡಾಟದ ಜಾಗ ಬಾಡಿಗೆ ತರುವುದಿಲ್ಲ. 1,000 ಚದರ ಮೀಟರ್ ಕಟ್ಟಿ 800ರ ಬದಲು 700 ಮಾತ್ರ ಬಾಡಿಗೆಗೆ ದಕ್ಕಿದರೆ, ದುಡಿಯುವ ಪ್ರತಿ ಚದರ ಮೀಟರಿನ ವೆಚ್ಚ ಸುಮಾರು ಶೇ 14 ಏರುತ್ತದೆ. ಈ ಲೆಕ್ಕವನ್ನು ಪಾಯ ತೋಡುವ ಮೊದಲೇ ವಾಸ್ತುಶಿಲ್ಪಿಯಿಂದ ಕೇಳಿ ಪಡೆಯಿರಿ.