ಹಾಸಿಗೆ ಹಿಡಿದವರೊಂದಿಗೆ ಯೇಸುವಿನ ತಾಯಿ ಮರಿಯಮ್ಮನವರ ಹಬ್ಬ ಆಚರಿಸುವುದು ಹೇಗೆ?

ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ಚರ್ಚಿನಲ್ಲಿ ಆಗಸ್ಟ್ 29ಕ್ಕೆ ಧ್ವಜ ಏರುತ್ತದೆ, ಸೆಪ್ಟೆಂಬರ್ 8ಕ್ಕೆ ತೇರು. ಆ ಜನಸಂದಣಿಗೆ ರೋಗಿಯನ್ನು ಕರೆದೊಯ್ಯುವ ಸಾಹಸ ಬೇಡ. ಹಬ್ಬವನ್ನೇ ಮನೆಗೆ ತನ್ನಿ. ಅವರು ಕಥೋಲಿಕರಾದರೆ ಒಂದು ವಾರ ಮೊದಲೇ ಅವರ ಚರ್ಚಿನ ಗುರುಗಳಿಗೆ ತಿಳಿಸಿ, ಪರಮಪ್ರಸಾದವನ್ನು (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಮನೆಗೇ ತರುತ್ತಾರೆ. ಮೇಜಿಗೆ ಬಿಳಿ ಬಟ್ಟೆ, ಶಿಲುಬೆ, ಮೇಣದಬತ್ತಿ, ಒಂದು ಲೋಟ ನೀರು ಸಾಕು. ಆಕ್ಸಿಜನ್ ಹಾಕಿದ್ದರೆ ಮಾತ್ರ ಬತ್ತಿ ಹಚ್ಚಲೇಬೇಡಿ. ಪರಮಪ್ರಸಾದ ಸ್ವೀಕರಿಸುವ ಮೊದಲಿನ ಒಂದು ಗಂಟೆಯ ಉಪವಾಸದ ನಿಯಮ ರೋಗಿಗಳಿಗಿಲ್ಲ, ಆರೈಕೆ ಮಾಡುವವರಿಗೂ ಇಲ್ಲ.

ಭೇಟಿ ಕೆಡುವುದು ಸಾಮಾನ್ಯವಾಗಿ ಪ್ರಾರ್ಥನೆಯಲ್ಲೇ: ಉದ್ದವಾದರೆ ಅದು ಉಪದೇಶ. "ಏನಂತ ಪ್ರಾರ್ಥಿಸಲಿ?" ಎಂದು ಮೊದಲು ಕೇಳಿ, ಹೆಸರು ಹಿಡಿದು, ಮೂರು ನಿಮಿಷದಲ್ಲಿ ಮುಗಿಸಿ. "ವಿಶ್ವಾಸ ಇದ್ದರೆ ವಾಸಿಯಾಗುತ್ತೆ" ಅನ್ನಬೇಡಿ. ವಾಸಿಯಾಗದಿದ್ದಾಗ ತಪ್ಪು ತಮ್ಮದೇ ಎಂದು ಅವರು ಕೊರಗುತ್ತಾರೆ. ಆಮೇಲೆ ಅವರಿಷ್ಟದ ಹಾಡು, ಪಥ್ಯಕ್ಕೊಪ್ಪುವ ತಿಂಡಿ.